ಕೊಚ್ಚಿಯ ಮೆಹಬೂಬ್ ಭಾಯ್

ಕೊಚ್ಚಿ ಅಂದ್ರೆ ಇವತ್ತು ನಿಮಗೆ ಪಾಲಾರಿವಟ್ಟಂನ ಮೆಟ್ರೋ, ಮೇಲ್ಸೇತುವೆ ನೆನಪಾಗಬಹುದು. ಹಿನ್ನೀರು ದಾಟಿ ಹಳೆಯ ಫೋರ್ಟ್ ಕೊಚ್ಚಿಗೆ ಬನ್ನಿ. ಅಲ್ಲಿನ ಬಡ ದಖ್ಖನಿ ಮುಸ್ಲಿಂ ಮನೆಯೊಂದರಲ್ಲಿ 1926ರಲ್ಲಿ ಎಚ್. ಮೆಹಬೂಬ್ ಹುಟ್ಟಿದರು. ಮನೆಮಾತು ಉರ್ದು. ಬೀದರ್, ವಿಜಯಪುರದ ನಮ್ಮ ಮನೆಗಳಲ್ಲಿ ಆಡುವ ಮಾತಿಗೆ ನೆಂಟಸ್ತಿಕೆ ಇರುವಂಥದ್ದು. ಹುಡುಗನಾಗಿದ್ದಾಗ ಬ್ರಿಟಿಷ್ ಪಟಾಲಮ್ಮಿನವರ ಕ್ಲಬ್ಬಿನಲ್ಲಿ ಚಿಲ್ಲರೆ ಕೆಲಸ, ಜೊತೆಗೆ ಹಾಡು.

1951ರ 'ಜೀವಿತನೌಕ' ಸಿನಿಮಾದಲ್ಲಿ ಅವರು ಹಾಡಿದರು. ಆ ಕಾಲದ ಮಲಯಾಳಂ ಸಿನಿಮಾ ಹಾಡು ಅಂದ್ರೆ ಬಹುಪಾಲು ಹಿಂದಿ ಧಾಟಿಗೆ ಮಲಯಾಳಂ ಮಾತು ಜೋಡಿಸಿದ್ದು. 1954ರಲ್ಲಿ 'ನೀಲಕ್ಕುಯಿಲ್' ಬಂತು. ಪಿ. ಭಾಸ್ಕರನ್ ಸಾಹಿತ್ಯ, ಕೆ. ರಾಘವನ್ ಸಂಗೀತ, ಧಾಟಿಗಳು ಕೇರಳದ ಮಣ್ಣಿನವೇ. ಅದರಲ್ಲೂ ಮೆಹಬೂಬ್ ಹಾಡಿದರು. ಸ್ವಲ್ಪ ಯೋಚಿಸಿ: ಮಲಯಾಳಂ ಹಾಡು ತನ್ನ ದನಿ ಕಂಡುಕೊಂಡ ಆ ಸಿನಿಮಾದಲ್ಲಿ ಉರ್ದು ಮನೆಮಾತಿನ ಒಬ್ಬರ ಕಂಠವೂ ಇತ್ತು! ನನ್ನ ಮಟ್ಟಿಗೆ ಅವರ ಕಥೆಯಲ್ಲಿ ಇದೇ ದೊಡ್ಡದು.

ಆಮೇಲೂ ಹಾಡಿದರು, ಆದರೆ ಮದ್ರಾಸಿನಲ್ಲಿ ನೆಲೆ ನಿಂತವರಲ್ಲ. 1961ರ ನಂತರ ಅದೇ ಫೋರ್ಟ್ ಕೊಚ್ಚಿಯ ಯೇಸುದಾಸ್ ಸಿನಿಮಾ ಲೋಕವನ್ನು ಆವರಿಸಿಕೊಂಡರು. ಭಾಯ್ ಮಾತ್ರ ಮದುವೆ ಮನೆಗಳಲ್ಲಿ, ಮೆಹಫಿಲ್‌ಗಳಲ್ಲಿ ಹಾಡ್ತಾನೇ ಇದ್ದರು. ಊರಿನವರೇ ಆದ ಮೇಪ್ಪಳ್ಳಿ ಬಾಲನ್ ಬರೆದ ಹಾಡುಗಳೂ ಅವರ ಬಾಯಲ್ಲಿ ಜನರಿಗೆ ತಲುಪಿದವು. ಸಿನಿಮಾ ಪಟ್ಟಿ ಹಿಡಿದು ಅಳೆದರೆ ಅವರು ಸಣ್ಣ ಗಾಯಕ. ಆದರೆ ಮದುವೆ ಚಪ್ಪರದ ಲೆಕ್ಕ ಯಾವ ಪಟ್ಟಿಯಲ್ಲಿರುತ್ತೆ, ಹೇಳಿ?

1981ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಚಪ್ಪರದಡಿ ಕೂತು ಕೇಳಿದವರಿಗೆ ಈಗ ವಯಸ್ಸಾಗಿದೆ.