ಎರಡನೇ ಅಕ್ಷರದ ಆಟ

ಶಿರಸಿ ತಾಲ್ಲೂಕಿನ ದಾಸನಕೊಪ್ಪದಿಂದ ಮಾತಾಡ್ತಾ ಇದ್ದೀನಿ. ಇಯರ್‌ಫೋನ್ ಹಾಕ್ಕೊಂಡ್ರಾ? ಮೊದಲು ಒಂದು ಸಣ್ಣ ಲೆಕ್ಕ. ನಮ್ಮೂರಿನ ಹೆಸರಲ್ಲಿ ಎಷ್ಟು ಅಕ್ಷರ ಇವೆ? ದಾ-ಸ-ನ-ಕೊ-ಪ್ಪ. 5. ಇಂಗ್ಲಿಷಿನಲ್ಲಿ ಬರೆದರೆ 11. ನಿಮ್ಮ ಮೊಬೈಲ್ ಒಳಗೆ, ಯೂನಿಕೋಡ್ ಲೆಕ್ಕದಲ್ಲಿ, 9. ಯಾಕಂದ್ರೆ ಅದು ದೀರ್ಘ, ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆಯಾಗಿ ಎಣಿಸುತ್ತೆ.

ಈ ಎಣಿಕೆ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

2021ರಲ್ಲಿ ಜಾಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಎಂಜಿನಿಯರ್ ವರ್ಡಲ್ ಆಟವನ್ನು ಜಗತ್ತಿಗೆ ಬಿಟ್ಟರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. 5 ಅಕ್ಷರದ ಇಂಗ್ಲಿಷ್ ಪದ, 6 ಅವಕಾಶ. ‘ಎರಡನೇ ಜಾಗದಲ್ಲಿ ಇಂಥ ಅಕ್ಷರ ಇರೋ ಪದ ಯಾವುದಪ್ಪಾ’ ಅಂತ ತಲೆ ಕೆರೆದುಕೊಳ್ಳೋದು ಅಲ್ಲಿಂದ ದಿನದ ಚಟ ಆಯ್ತು. ಇದೆಲ್ಲ ಇಂಗ್ಲಿಷ್ ಮೀಡಿಯಂನವರ ಆಟ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಕನ್ನಡದ ಕವಿಗಳು ಸುಮಾರು 1200 ವರ್ಷ ಮಾಡಿದ್ದು ಇದನ್ನೇ. ಅವರಿಗೆ ಅದು ಆಟ ಆಗಿರಲಿಲ್ಲ, ಕಟ್ಟಳೆ ಆಗಿತ್ತು.

ಆ ಕಟ್ಟಳೆಯ ಹೆಸರು ದ್ವಿತೀಯಾಕ್ಷರ ಪ್ರಾಸ. ಅಂದರೆ ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದ್ದು. ಅದರ ತ್ರಿಪದಿಯ ಮೂರೂ ಸಾಲಿನ ಎರಡನೇ ಜಾಗದಲ್ಲಿ ‘ಧ’ಕಾರ ಕೂತಿದೆ. 9ನೇ ಶತಮಾನದ ಕವಿರಾಜಮಾರ್ಗದಲ್ಲಿ ಪ್ರಾಸದ ಚರ್ಚೆಯೇ ಇದೆ. ಷಟ್ಪದಿ ಬಂದಾಗ ಆರು ಸಾಲಿಗೂ ಅದೇ ನಿಯಮ. ನಮ್ಮ ಕಡೆ ಯಕ್ಷಗಾನ ನೋಡೋರು ಭಾಗವತರು ಭಾಮಿನಿ ಹಾಡುವಾಗ ಒಮ್ಮೆ ಕಿವಿಗೊಡಿ, ಸಾಲು ಸಾಲಿಗೂ ಅದೇ ವ್ಯಂಜನ ವಾಪಸ್ ಬರುತ್ತೆ.

ಇಷ್ಟೇ ಆಗಿದ್ರೆ ಸುಲಭ. ಎರಡನೇ ಅಕ್ಷರದ ಹಿಂದೆ ಏನಿದೆ ಅನ್ನೋದೂ ಎಲ್ಲ ಸಾಲಲ್ಲಿ ಹೊಂದಬೇಕು. ಅದರ ಮೇಲೆ ಆರು ಜಾತಿ, ಅವಕ್ಕೆ ಪ್ರಾಣಿಗಳ ಹೆಸರು. ನಮ್ಮ ಜಿಲ್ಲೆಯ ಊರುಗಳನ್ನೇ ಹಿಡಿದು ನೋಡೋಣ. ಶಿರಸಿಯಲ್ಲಿ ‘ರ’ದ ಹಿಂದೆ ಹ್ರಸ್ವ, ಹಾಗಾಗಿ ಸಿಂಹಪ್ರಾಸ. ದಾಸನಕೊಪ್ಪದಲ್ಲಿ ‘ಸ’ದ ಹಿಂದೆ ದೀರ್ಘ, ಅದು ಗಜ. ಮುಂಡಗೋಡದಲ್ಲಿ ಸೊನ್ನೆ ಇದೆ, ವೃಷಭ. ಸಿದ್ದಾಪುರ, ಯಲ್ಲಾಪುರಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು, ಹಯ. ಭಟ್ಕಳದಲ್ಲಿ ಬೇರೆ ವ್ಯಂಜನದ ಒತ್ತು, ಶರಭ. ಆರನೆಯದು ಅಜ, ವಿಸರ್ಗ ಇರೋದು, ‘ದುಃಖ’ದ ಹಾಗೆ. ಪುಣ್ಯಕ್ಕೆ ನಮ್ಮ ಜಿಲ್ಲೆಯ ಯಾವ ತಾಲ್ಲೂಕಿಗೂ ಅದಿಲ್ಲ!

ಈಗ ‘ದಾಸನಕೊಪ್ಪ’ ಅಂತ ಒಂದು ಪದ್ಯ ಶುರುಮಾಡಿ. ಮುಂದಿನ ಸಾಲಿಗೆ ‘ಹಸಿರು’ ತರೋ ಹಾಗಿಲ್ಲ, ಅಲ್ಲಿ ‘ಹ’ ಹ್ರಸ್ವ. ‘ಆಸೆ’ ನಡೆಯುತ್ತೆ, ‘ಬೇಸಗೆ’, ‘ಮೀಸೆ’, ‘ಮೋಸ’ ನಡೆಯುತ್ತೆ. ಬಿ.ಕಾಂ. ಓದಿದ ನನಗೆ ಮೊದಲು ಹೊಳೆದದ್ದು ‘ಕಾಸು’! ನಿಘಂಟು ತೆಗೆದರೂ ಇಲ್ಲಿ ಉಪಯೋಗ ಕಡಿಮೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟೂ ಮೊದಲನೇ ಅಕ್ಷರದಿಂದಲೇ ಪದಗಳನ್ನು ಜೋಡಿಸಿದೆ. ಎರಡನೇ ಅಕ್ಷರದಿಂದ ಹುಡುಕೋ ನಿಘಂಟು ಕವಿಯ ತಲೆಯೊಳಗೇ ಇರಬೇಕಿತ್ತು.

ಇದಕ್ಕೆ ಬೆಲೆಯೂ ಇತ್ತು. ಹೇಳಬೇಕಾದ ಮಾತು ಒಂದು, ಅಕ್ಷರ ಕೇಳೋದು ಇನ್ನೊಂದು. ಅಕ್ಷರ ಹೊಂದಲಿ ಅಂತ ಬೇಡದ ಪದ ಒಳಗೆ ಬರುತ್ತೆ, ಬೇಕಾದ ಪದ ಬಾಗಿಲಲ್ಲೇ ನಿಲ್ಲುತ್ತೆ. 1911ರಲ್ಲಿ ಒಬ್ಬರು ಈ ಕಟ್ಟಳೆ ಮುರಿದರು. ಈಗಿನ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈ. ಆಗ ಅವರಿಗೆ 28ರ ಆಸುಪಾಸು. ಛಂದಸ್ಸನ್ನು ಉಳಿಸಿಕೊಂಡು ಪ್ರಾಸವನ್ನು ಮಾತ್ರ ಕೈಬಿಟ್ಟರು. ಹೊಸಗನ್ನಡ ಕವಿತೆಗೆ ಉಸಿರಾಡೋಕೆ ಜಾಗ ಸಿಕ್ಕಿದ್ದರಲ್ಲಿ ಆ ನಿರ್ಧಾರದ ಪಾಲು ದೊಡ್ಡದು.

ಹಾಗಂತ ಆಟ ಸತ್ತಿತಾ? ಇಲ್ಲ, ಅವಧಾನದ ವೇದಿಕೆಯಲ್ಲಿ ಬದುಕಿದೆ. ಅಲ್ಲಿ ಎದುರು ಕೂತವರು ಅವಧಾನಿಗೆ ಸವಾಲು ಹಾಕ್ತಾರೆ. ನ್ಯಸ್ತಾಕ್ಷರಿ ಅಂದರೆ ಇಂಥ ಜಾಗದಲ್ಲಿ ಇಂಥ ಅಕ್ಷರ ಬರಲೇಬೇಕು, ವರ್ಡಲ್‌ನ ಹಸಿರು ಚೌಕದ ಹಾಗೆ. ನಿಷೇಧಾಕ್ಷರಿ ಅಂದರೆ ಮುಂದೆ ಈ ಅಕ್ಷರ ಬರಕೂಡದು, ಬೂದು ಚೌಕದ ಹಾಗೆ. ಪೇಪರ್ ಇಲ್ಲ, ಪೆನ್ ಇಲ್ಲ. ಮಧ್ಯೆ ಒಬ್ಬರು ಅಪ್ರಸ್ತುತ ಪ್ರಶ್ನೆ ಕೇಳಿ ಗಮನ ಕೆಡಿಸ್ತಾನೇ ಇರ್ತಾರೆ. ಎಂಜಿನಿಯರಿಂಗ್ ಓದಿದ ಆರ್. ಗಣೇಶ್ ಅವರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನ ಮಾಡಿದರು. 100 ಜನ ಪ್ರಶ್ನೆ ಕೇಳೋರು, ಉತ್ತರಿಸೋರು ಒಬ್ಬರು.

ಈಗ ಮೊದಲಿನ ಲೆಕ್ಕಕ್ಕೆ ಬನ್ನಿ. ಕಪ್ಪೆ ಅರಭಟ್ಟನ ಕವಿಯಿಂದ ಅವಧಾನಿಯವರೆಗೆ ಎಲ್ಲರೂ ಎಣಿಸಿದ್ದು ಬಾಯಲ್ಲಿ ಉಚ್ಚರಿಸೋ ಅಕ್ಷರವನ್ನ. ‘ಸ್ತ್ರೀ’ ಅವರಿಗೆ ಒಂದೇ ಅಕ್ಷರ, ಮೊಬೈಲ್‌ಗೆ 6 ಸಂಕೇತ. ನಾಳೆ ನಿಮ್ಮಲ್ಲಿ ಯಾರಾದರೂ ಕನ್ನಡದ ಪದದಾಟಕ್ಕೆ ಆ್ಯಪ್ ಮಾಡಿದರೆ, ದಯವಿಟ್ಟು ಮೊಬೈಲ್ ಎಣಿಸಿದ ಹಾಗೆ ಎಣಿಸಬೇಡಿ. ಹಾಗೆ ಮಾಡಿದ್ರೆ ನಮ್ಮೂರ ಶಾಲೆಯ ಮಗುವಿಗೆ ತನ್ನ ಊರಿನ ಹೆಸರನ್ನೇ 5 ಚೌಕದಲ್ಲಿ ಕೂರಿಸೋಕೆ ಆಗಲ್ಲ.

ಕಟ್ಟಳೆ ಹೋಯ್ತು, ಒಳ್ಳೇದೇ ಆಯ್ತು. ಆಟ ಉಳಿಯಲಿ. ಮುಂದಿನ ಕಂತಿನ ತನಕ ನಿಮಗೊಂದು ಕೆಲಸ: ನಿಮ್ಮೂರಿನ ಹೆಸರಿನ ಎರಡನೇ ಅಕ್ಷರ ನೋಡಿ. ಸಿಂಹವೋ, ಗಜವೋ? ಅದೇ ಪ್ರಾಸದಲ್ಲಿ ನಾಲ್ಕು ಸಾಲು ಕಟ್ಟಿ, ಜೋರಾಗಿ ಓದಿ. ಸಿಗೋಣ.