ಪುಣೆಯಲ್ಲಿ ಖಾಸಗಿ ಪಿಂಚಣಿಯ ಅಂದಾಜು

ಸರ್ಕಾರಿ ನೌಕರಿಯ ಹೊರಗೆ ದುಡಿದವರಿಗೆ ಮುಪ್ಪಿನಲ್ಲಿ ತಿಂಗಳಿಗೆ ಎಷ್ಟು ಹಣ ಕೈಸೇರೀತು ಎಂದು ಮುಂಚೆಯೇ ಲೆಕ್ಕ ಹಾಕುವ ಪದ್ಧತಿ. ನಿವೃತ್ತರ ಸ್ವರ್ಗವೆಂದು ಹೆಸರಾದ ಪುಣೆಯಲ್ಲಿ ಇದರ ಜಾಡು 19ನೆಯ ಶತಮಾನಕ್ಕೆ ಹೋಗುತ್ತದೆ.

1884ರಲ್ಲಿ ಹುಟ್ಟಿದ ಡೆಕ್ಕನ್ ಎಜುಕೇಶನ್ ಸೊಸೈಟಿಯ ಆಜೀವ ಸದಸ್ಯರು ಅಲ್ಪ ಸಂಬಳಕ್ಕೆ ಸುಮಾರು 20 ವರ್ಷ ಪಾಠ ಹೇಳುವ ವ್ರತ ತೊಡುತ್ತಿದ್ದರು. ಗೋಪಾಲಕೃಷ್ಣ ಗೋಖಲೆ 75 ರೂ. ಸಂಬಳಕ್ಕೆ ದುಡಿದು, 1902ರಲ್ಲಿ ಸೊಸೈಟಿಯ ಫರ್ಗ್ಯುಸನ್ ಕಾಲೇಜು ಬಿಟ್ಟಾಗ ಪಡೆದ ಪಿಂಚಣಿ ತಿಂಗಳಿಗೆ 30 ರೂ. ಮೊತ್ತ ನಿಗದಿಯಾಗಿದ್ದರಿಂದ ಸದಸ್ಯನಿಗೆ ಅಂದಾಜಿನ ಗೊಡವೆ ಇರಲಿಲ್ಲ. ತಿಳಿಯದೇ ಉಳಿದದ್ದು ಆಯುಸ್ಸು ಮಾತ್ರ. ಅದರ ಹೊರೆ ಸಂಸ್ಥೆಯದು. ಅದೇ ಕಾಲೇಜಿನ ಗಣಿತದ ಪ್ರಾಧ್ಯಾಪಕ ಧೋಂಡೊ ಕೇಶವ ಕರ್ವೆ 1914ರಲ್ಲಿ ನಿವೃತ್ತರಾಗಿ, 104ನೆಯ ವಯಸ್ಸಿನಲ್ಲಿ, 1962ರಲ್ಲಿ ತೀರಿಕೊಂಡರು. ನಿವೃತ್ತಿಯ ನಂತರ 48 ವರ್ಷ! ಇಂಥ ಬದುಕನ್ನು ಯಾವ ಲೆಕ್ಕಿಗನೂ ಊಹಿಸಲಾರ.

ಕಾರ್ಖಾನೆಗಳ ಕಾಲದಲ್ಲಿ ಚಿತ್ರ ಬದಲಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನ 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ ಕಂಪನಿ ತೆರೆಯಿತು. ಮುಂದೆ ಆಕುರ್ಡಿಯಲ್ಲಿ ಬಜಾಜ್, ಪಿಂಪ್ರಿಯಲ್ಲಿ ಟೆಲ್ಕೊ ಬಂದವು. 1952ರ ಪ್ರಾವಿಡೆಂಟ್ ಫಂಡ್ ಕಾಯ್ದೆ ಇಂಥ ಕಾರ್ಮಿಕರಿಗೆ ಕೊಟ್ಟದ್ದು ಪಿಂಚಣಿಯಲ್ಲ, ಇಡಿಗಂಟು. ಅದರ ಬಡ್ಡಿದರ ವರ್ಷವರ್ಷವೂ ಘೋಷಣೆಯಾಗುತ್ತದೆ: 1990ರ ದಶಕದಲ್ಲಿ 12%, 2021-22ರಲ್ಲಿ 8.1%. ಅಂದಿನ ದರವನ್ನೇ ನಂಬಿ ಮುಂದಿನ ಗಂಟನ್ನು ಎಣಿಸಿದವರ ಲೆಕ್ಕವೆಲ್ಲ ಉಬ್ಬಿತ್ತು.

1995ರ ನವೆಂಬರ್ 16ರಂದು ಜಾರಿಯಾದ ನೌಕರರ ಪಿಂಚಣಿ ಯೋಜನೆ ಸರಳ ಸೂತ್ರ ತಂದಿತು: ಪಿಂಚಣಿಗೆ ಅರ್ಹ ಸಂಬಳವನ್ನು ಸೇವಾವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಿಂದ ಸಂಬಳದ ಮಿತಿ 15,000 ರೂ.; ಆ ಮಿತಿಯಲ್ಲಿ 35 ವರ್ಷ ದುಡಿದವರಿಗೆ 7,500 ರೂ. ಲೆಕ್ಕ ಸುಲಭ, ಫಲ ಸಣ್ಣದು.

ಅಂದಾಜು ನಿಜವಾಗಿ ತೊಡಕಾದದ್ದು ಅನಂತರ. ಮುಪ್ಪಿನ ಆದಾಯದ ಬಗ್ಗೆ ಎಸ್.ಎ. ದವೆ ಸಮಿತಿ ನಡೆಸಿದ ಚಿಂತನೆಯ ಬೆನ್ನಿಗೆ ರೂಪುಗೊಂಡ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2009ರ ಮೇ 1ರಂದು ಎಲ್ಲ ನಾಗರಿಕರಿಗೂ ತೆರೆಯಿತು. ಇಲ್ಲಿ ಮೊತ್ತ ಮಾರುಕಟ್ಟೆಗೆ ಬಿಟ್ಟದ್ದು. ವಿಮಾ ಕಂಪನಿಗಳ ಪಿಂಚಣಿಯದೂ ಇದೇ ತೊಡಕು; ಅದನ್ನು ಮಾರುವವರು ಮುಂದಿನ ಗಳಿಕೆಗೆ ಮನಬಂದ ದರ ತೋರಿಸದಂತೆ ವಿಮಾ ನಿಯಂತ್ರಕರು 2013ರಲ್ಲಿ 4% ಮತ್ತು 8% ಎಂಬ ಎರಡು ದರಗಳನ್ನು ಕಟ್ಟುಮಾಡಿದರು. ತಿಂಗಳಿಗೆ 5,000 ರೂ.ನಂತೆ 30 ವರ್ಷ ಕಟ್ಟಿದರೆ, ಶುಲ್ಕ ಬಿಟ್ಟು, ಮೊದಲ ದರದಲ್ಲಿ ಸುಮಾರು 34.7 ಲಕ್ಷ, ಎರಡನೆಯದರಲ್ಲಿ 74.5 ಲಕ್ಷ. ಬೆಲೆಯೇರಿಕೆ ವರ್ಷಕ್ಕೆ 6% ಎಂದಿಟ್ಟುಕೊಂಡರೆ ಆ 74.5 ಲಕ್ಷಕ್ಕೆ ಇಂದಿನ 13 ಲಕ್ಷದ ಕೊಳ್ಳುವ ಶಕ್ತಿಯಷ್ಟೆ. ಮಾರಾಟದ ಕಾಗದ ಹೇಳದೆ ಬಿಡುವುದು ಇದನ್ನೇ. ಆ ಗಂಟು ಮಾಸಿಕ ಆದಾಯವಾಗುವಾಗ ಅಂದಿನ ಬಡ್ಡಿದರವೂ ಆಯುಸ್ಸನ್ನು ಅಂದಾಜಿಸುವ ಮರಣ ಕೋಷ್ಟಕವೂ ಮತ್ತೆ ಮೊತ್ತವನ್ನು ಅಲುಗಿಸುತ್ತವೆ.

ಪಿ.ಎಫ್. ಪುಸ್ತಕವಿಲ್ಲದ ಹೋಟೆಲು, ಕಟ್ಟಡದ ಕೆಲಸದವರಿಗೆ 2015ರ ಅಟಲ್ ಪಿಂಚಣಿ ಯೋಜನೆ ಹಳೆಯ ನಿಗದಿ ಮೊತ್ತವನ್ನೇ ಮರಳಿಸಿದೆ. 18ನೆಯ ವಯಸ್ಸಿನಿಂದ ತಿಂಗಳಿಗೆ 210 ರೂ. ಕಟ್ಟಿದವರಿಗೆ 60ರ ನಂತರ 5,000 ರೂ. ಖಾತ್ರಿ. ಬೆಲೆ ಎಷ್ಟೇ ಏರಿದರೂ ಆ ಖಾತ್ರಿಯ ಮೊತ್ತ ಏರುವುದಿಲ್ಲ.