ಹಳಿಯಾಳ ಸೀಮೆಯ ಗ್ರಾಮಾಡಳಿತ: ಒಂದು ಐತಿಹಾಸಿಕ ವಿವೇಚನೆ

ಕನ್ನಡ ನಾಡಿನ ಗ್ರಾಮಾಡಳಿತದ ಚರಿತ್ರೆಯನ್ನು ನಿರೂಪಿಸುವವರು ಸಾಮಾನ್ಯವಾಗಿ ಒಂದಾದ ಮೇಲೊಂದು ಬಂದ ಶಾಸನಗಳ ಜಾಡನ್ನೇ ಹಿಡಿಯುತ್ತಾರೆ. ಹಾಗೆ ನೋಡಿದರೆ ಆ ಚರಿತ್ರೆಯು, ಅಧಿಕಾರವು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಇಳಿದುಬಂದ ಕಥೆಯಾಗಿ ತೋರುತ್ತದೆ. ಆದರೆ ಅವೇ ಶಾಸನಗಳು ಒಂದು ನಿರ್ದಿಷ್ಟ ನೆಲದಲ್ಲಿ ಹೇಗೆ ನಡೆದುವೆಂಬುದನ್ನು ಪರಿಶೀಲಿಸಿದರೆ ಬೇರೊಂದು ಚಿತ್ರ ಕಾಣುತ್ತದೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ ಸೀಮೆಯನ್ನು ನಿದರ್ಶನವಾಗಿಟ್ಟುಕೊಂಡು, ಗ್ರಾಮಾಡಳಿತದ ಸುಧಾರಣೆಗೆ ಅಲ್ಲಿ ಒದಗಿದ ತೊಡಕುಗಳ ಮೂಲವನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಇಲ್ಲಿ ಹಳಿಯಾಳ ಸೀಮೆಯೆಂದರೆ ಇಂದಿನ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳೆಂದು ಗ್ರಹಿಸಬೇಕು. ಧಾರವಾಡದ ಬಯಲಿಗೆ ತಾಗಿದ ಪೂರ್ವಭಾಗದಲ್ಲಿ ಕೆರೆಗಳೂ ಭತ್ತದ ಗದ್ದೆಗಳೂ ಒತ್ತಾಗಿ ನೆಲೆಗೊಂಡ ಊರುಗಳೂ ಇವೆ. ಪಶ್ಚಿಮದ ಕಾಳೀ ಕಣಿವೆಯ ಸ್ಥಿತಿಯೇ ಬೇರೆ. ಸುಮಾರು 1,900 ಚದರ ಕಿಲೋಮೀಟರು ವಿಸ್ತಾರವುಳ್ಳ ಜೋಯಿಡಾ ತಾಲೂಕಿನಲ್ಲಿ 2011ರ ಜನಗಣತಿಯ ವೇಳೆಗೆ ಇದ್ದವರು 50 ಸಾವಿರಕ್ಕೆ ತುಸು ಹೆಚ್ಚು ಮಂದಿ ಮಾತ್ರ. ಗೌಳಿ, ಕುಣಬಿ, ಸಿದ್ದಿ ಜನರ ಮಜರೆಗಳು ಕಾಡಿನ ನಡುವೆ ಚದುರಿಹೋಗಿವೆ. ಇವರ ಮನೆಮಾತು ಮರಾಠಿ ಅಥವಾ ಕೊಂಕಣಿ. ಕಚೇರಿಯ ಕಾಗದಪತ್ರಗಳ ಭಾಷೆ ಕನ್ನಡ. ಒಂದೇ ಸೀಮೆಯೊಳಗಿನ ಈ ವೈವಿಧ್ಯವನ್ನು ಗಮನದಲ್ಲಿಡದೆ ಮುಂದಿನ ಸಂಗತಿಗಳು ಅರ್ಥವಾಗಲಾರವು.

1799ರಲ್ಲಿ ಕಂಪನಿ ಸರ್ಕಾರದ ವಶಕ್ಕೆ ಬಂದ ಈ ಪ್ರದೇಶವು ಮೊದಲು ಮದರಾಸು ಆಧಿಪತ್ಯದಲ್ಲಿದ್ದು, 1862ರಲ್ಲಿ ಮುಂಬಯಿ ಆಧಿಪತ್ಯಕ್ಕೆ ಸೇರಿತು. ಲಾರ್ಡ್ ರಿಪ್ಪನ್ನನ ಕಾಲದ 1882ರ ನಿರ್ಣಯವನ್ನು ಅನುಸರಿಸಿ ಮುಂಬಯಿ ಸರ್ಕಾರವು 1884ರಲ್ಲಿ ಲೋಕಲ್ ಬೋರ್ಡು ಕಾಯಿದೆಯನ್ನು ಜಾರಿಗೆ ತಂದಿತು. ಬೋರ್ಡುಗಳ ಮುಖ್ಯ ಆದಾಯವು ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ ವಸೂಲಾಗುತ್ತಿದ್ದ ಉಪಕರ. ಎಂದರೆ, ಎಲ್ಲಿ ಸಾಗುವಳಿಯ ಭೂಮಿ ಹೆಚ್ಚೋ ಅಲ್ಲಿ ರಸ್ತೆ, ಶಾಲೆ, ಬಾವಿಗಳಿಗೆ ಹಣವೂ ಹೆಚ್ಚು. ಇದೇ ಅವಧಿಯಲ್ಲಿ 1878ರ ಅರಣ್ಯ ಕಾಯಿದೆಯ ಮೇರೆಗೆ ಈ ಸೀಮೆಯ ಬಹುಭಾಗವು ಸರ್ಕಾರದ ಕಾದಿಟ್ಟ ಕಾಡಾಯಿತು. ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವು ನಿರ್ಬಂಧಕ್ಕೊಳಗಾಯಿತು. ಸಾಗುವಾನಿಯ ಉತ್ಪನ್ನವು ಪ್ರಾಂತದ ಬೊಕ್ಕಸಕ್ಕೆ ಸಂದಿತು. ಕಾಡಿನಿಂದ ಸಮೃದ್ಧವಾದ ಸೀಮೆಯು ತನ್ನ ಸ್ಥಾನಿಕ ಆಡಳಿತದ ಮಟ್ಟಿಗೆ ಬಡವಾಗಿಯೇ ಉಳಿಯಲು ಇದು ಮೊದಲ ಕಾರಣವೆನ್ನಬಹುದು.

1920 ಮತ್ತು 1933ರ ಮುಂಬಯಿ ಗ್ರಾಮ ಪಂಚಾಯತಿ ಕಾಯಿದೆಗಳು ಈ ವ್ಯವಸ್ಥೆಯ ಬುಡವನ್ನು ಬದಲಿಸಲಿಲ್ಲ. 1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರು ರಾಜ್ಯದಲ್ಲಿ ವಿಲೀನವಾದ ಮೇಲೆ, ಬೇರೆ ಬೇರೆ ಪ್ರಾಂತಗಳಿಂದ ಬಂದ ಭಾಗಗಳಿಗೆ ಏಕರೂಪದ ಏರ್ಪಾಡನ್ನು ಕಲ್ಪಿಸಲು 1959ರ ಗ್ರಾಮ ಪಂಚಾಯತಿ ಮತ್ತು ಸ್ಥಳೀಯ ಮಂಡಲಿಗಳ ಕಾಯಿದೆಯು ಬಂದಿತು. ತಾಲೂಕು ಅಭಿವೃದ್ಧಿ ಮಂಡಲಿಗಳು ಸ್ಥಾಪಿತವಾದುವು. ಅದೇ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯು ತಲೆಯೆತ್ತಿ, ಕಾಡಿನ ಬಿದಿರು ಅದರ ಕಚ್ಚಾವಸ್ತುವಾಯಿತು. ಬಿದಿರು ಬೆಳೆದ ಹಳ್ಳಿಯ ಪಂಚಾಯತಿಗೆ ಆ ಬಿದಿರಿನ ಮೇಲೆ ಯಾವ ಅಧಿಕಾರವೂ ಇರಲಿಲ್ಲ.

ಅನಂತರ ಕಾಳೀ ಜಲವಿದ್ಯುತ್ ಯೋಜನೆಯು ಸೂಪಾ ಪೇಟೆಯನ್ನೇ ಮುಳುಗಿಸಿತು. ತಾಲೂಕಿನ ಕೇಂದ್ರವು ಜೋಯಿಡಾಕ್ಕೆ ಸಾಗಿತು. ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರದಲ್ಲಿ ಹೊಸ ಊರು ಕಟ್ಟಿಕೊಂಡರು. ಒಂದು ತಾಲೂಕು ತನ್ನ ಪೇಟೆಯನ್ನೂ ಕಚೇರಿಯ ನೆಲೆಯನ್ನೂ ಕಳೆದುಕೊಂಡು ಮತ್ತೆ ಮೊದಲಿನಿಂದ ಆರಂಭಿಸಬೇಕಾದದ್ದು ಸಾಮಾನ್ಯ ಸಂಗತಿಯಲ್ಲ.

1983ರ ಶಾಸನದಂತೆ 1987ರಲ್ಲಿ ಚುನಾವಣೆ ನಡೆದು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳು ಅಸ್ತಿತ್ವಕ್ಕೆ ಬಂದುವು. ಅಧಿಕಾರ ವಿಕೇಂದ್ರೀಕರಣದಲ್ಲಿ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿದ 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗೆ 5,000ದಿಂದ 7,000 ಜನಸಂಖ್ಯೆಯನ್ನು ಗೊತ್ತುಪಡಿಸಿ, ಉತ್ತರ ಕನ್ನಡವೂ ಸೇರಿದಂತೆ ಮಲೆನಾಡು ಕಡೆಯ ಕೆಲವು ಜಿಲ್ಲೆಗಳಲ್ಲಿ 2,500 ಜನರಿಗೂ ಒಂದು ಪಂಚಾಯತಿ ಇರಬಹುದೆಂದು ವಿನಾಯಿತಿ ನೀಡಿತು. ಶಾಸನಕಾರರು ಮಲೆನಾಡಿನ ಕಷ್ಟವನ್ನು ಕಂಡಿದ್ದರೆಂಬುದಕ್ಕೆ ಇದು ಸಾಕ್ಷಿ. ಆದರೂ ಜೋಯಿಡಾದಂತಹ ವಿರಳ ವಸತಿಯಲ್ಲಿ 2,500 ಜನರನ್ನು ಕೂಡಿಸಬೇಕಾದರೆ ಹಲವು ಹಳ್ಳಗಳನ್ನೂ ಗುಡ್ಡಗಳನ್ನೂ ದಾಟಬೇಕಾಗುತ್ತದೆ. ಮಳೆಗಾಲದಲ್ಲಿ ಕಾಲುಹಾದಿ ಮುಚ್ಚಿದ ಮಜರೆಯವನಿಗೆ ಗ್ರಾಮಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕಿದೆ, ಅಲ್ಲಿಗೆ ತಲುಪುವ ದಾರಿಯಿಲ್ಲ.

ಆ ದಾರಿಯನ್ನು ಪಂಚಾಯತಿಯೇ ಏಕೆ ಮಾಡಿಕೊಡಬಾರದು? ನಮ್ಮ ವಿಚಾರದ ತಿರುಳು ಇಲ್ಲಿದೆ. ದಾರಿ ಹಾಯಬೇಕಾದ ನೆಲ ಕಾಡಿನದು. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ಪ್ರಕಾರ ಅರಣ್ಯಭೂಮಿಯ ಅನ್ಯ ಬಳಕೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಕಾಡನ್ನು ಉಳಿಸುವ ದೃಷ್ಟಿಯಿಂದ ಆ ನಿಯಮವು ಅಗತ್ಯವೇ ಆಗಿತ್ತು. ಆದರೆ ಹಳ್ಳಿಯ ಕೊಳಾಯಿ, ಶಾಲೆ, ರಸ್ತೆಗಳೂ ಅದರ ಅಡಿಯಲ್ಲಿ ಸಿಲುಕಿದುವು. 2006ರ ಅರಣ್ಯ ಹಕ್ಕುಗಳ ಕಾಯಿದೆಯು ಈ ಗಂಟನ್ನು ಭಾಗಶಃ ಬಿಡಿಸಿತು. ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಮೊದಲಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು ಗ್ರಾಮಸಭೆಯ ಶಿಫಾರಸಿನ ಮೇಲೆ ಒದಗಿಸಲು ಅದು ಅವಕಾಶವಿತ್ತಿತು. ಬಿದಿರು ಸಹ ಕಿರು ಅರಣ್ಯ ಉತ್ಪನ್ನವೆಂದು ಪರಿಗಣಿತವಾಯಿತು.

ಹೀಗಿದ್ದರೂ ಅದೇ ಕಾಯಿದೆಯು ಹಳೆಯ ಲೋಪವೊಂದನ್ನು ಬೆಳಕಿಗೆ ತಂದಿತು. ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ಕ್ಕೆ ಹಿಂದಿನ ಮೂರು ತಲೆಮಾರುಗಳ, ಎಂದರೆ 75 ವರ್ಷಗಳ, ವಾಸವನ್ನು ತೋರಿಸಬೇಕು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದುದರಿಂದ ಅವರಿಗೆ ಈ ಷರತ್ತು ಅನ್ವಯಿಸಲಿಲ್ಲ. ಕಾಯಿದೆ ಜಾರಿಗೆ ಬಂದಾಗ ಆ ಪಟ್ಟಿಯಲ್ಲಿಲ್ಲದ ಕುಣಬಿ ಮತ್ತು ಗೌಳಿ ಜನರಿಗೆ ಅದು ಕಠಿಣವಾಯಿತು. ಅಲೆದಾಡಿ ದನ ಮೇಯಿಸಿದವರ, ಕುಮರಿ ಕಡಿದು ಬಿತ್ತಿದವರ ಹೆಸರು 1930ರ ಸುಮಾರಿನ ಕಂದಾಯದ ಪುಸ್ತಕದಲ್ಲಿ ದೊರೆಯುವುದಾದರೂ ಹೇಗೆ? ಕಂದಾಯ ಕೊಡುವ ಭೂಮಿಯನ್ನಷ್ಟೇ ಎಣಿಸಿದ ಆಡಳಿತವು ಮನುಷ್ಯನನ್ನು ಎಣಿಸಿರಲಿಲ್ಲ. ಹಿರಿಯರ ಹೇಳಿಕೆ, ಹಳೆಯ ಬಾವಿ, ಮನೆಯ ತಳಪಾಯ, ಸಮಾಧಿಗಳನ್ನು ಸಾಕ್ಷ್ಯವಾಗಿ ಒಪ್ಪಬಹುದೆಂದು ನಿಯಮಗಳು ಹೇಳುತ್ತವೆ. ಅವುಗಳನ್ನು ಕ್ರಮವಾಗಿ ಬರೆದಿಡಬಲ್ಲ ಗ್ರಾಮಸಭೆಯು ಮಜರೆಯ ಬಳಿಯಲ್ಲಿಯೇ ಸೇರಬೇಕು.

ಮೇಲಿನ ಸಂಗತಿಗಳಿಂದ ಒಂದು ನಿರ್ಣಯಕ್ಕೆ ಬರಬಹುದು. ಈ ಸೀಮೆಯಲ್ಲಿ ಕೊರತೆಯಾದದ್ದು ಶಾಸನಗಳಲ್ಲ. ಒಂದು ಶತಮಾನಕ್ಕೂ ಮಿಕ್ಕಿ, ಜನರ ಹೊಣೆಯನ್ನು ಒಂದು ಸಂಸ್ಥೆಗೂ ಅವರು ನಿಂತ ನೆಲದ ಒಡೆತನವನ್ನು ಇನ್ನೊಂದಕ್ಕೂ ಒಪ್ಪಿಸಲಾಯಿತು. ಎರಡರ ನಡುವೆ ಹಳ್ಳಿಗ ಅಲೆದನು. ಪಂಚಾಯತಿಯ ಎಲ್ಲೆಯನ್ನು ಗುರುತಿಸುವಾಗ ತಲೆಯೆಣಿಕೆಯೊಡನೆ ನಡಿಗೆಯ ದೂರವನ್ನೂ ಲೆಕ್ಕಕ್ಕೆ ಹಿಡಿಯುವುದು, ಅರಣ್ಯ ಇಲಾಖೆಯೂ ಗ್ರಾಮಸಭೆಯೂ ಒಂದೇ ದಾಖಲೆಯನ್ನು ನೋಡುವಂತೆ ಮಾಡುವುದು, ಇವು ಸಣ್ಣ ಕೆಲಸಗಳಂತೆ ತೋರಬಹುದು. 1884ರಿಂದೀಚೆಗೆ ಆಗದೆ ಉಳಿದದ್ದು ಈ ಸಣ್ಣ ಕೆಲಸಗಳೇ.